ಕೂಡಬೇಕಾ, ಕಳೆಯಬೇಕಾ? ಎರಡನೇ ಕ್ಲಾಸಿನ ಮಗುವಿಗೆ ವಾಕ್ಯದ ಲೆಕ್ಕ ಕಲಿಸುವುದು ಹೇಗೆ

ಎರಡನೇ_ಕ್ಲಾಸ್_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಎರಡನೇ ಕ್ಲಾಸು, ಕನ್ನಡ ಮಾಧ್ಯಮ. 14 - 6 ಅಂತ ಬರೆದು ಕೊಟ್ಟರೆ ಪಟ್ ಅಂತ 8 ಬರೆಯುತ್ತಾನೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ ಪೂರ್ತಿ ಓದುವುದೇ ಇಲ್ಲ. ಎರಡು ಸಂಖ್ಯೆ ಎಲ್ಲಿವೆ ಅಂತ ಹುಡುಕಿ, ನನ್ನ ಮುಖ ನೋಡಿ, "ಅಮ್ಮ, ಕೂಡಬೇಕಾ, ಕಳೆಯಬೇಕಾ?" ಎಂದು ಕೇಳುತ್ತಾನೆ.

ನಿನ್ನೆ ಬಂದ ಲೆಕ್ಕ ಇದು: ರವಿಯ ಹತ್ತಿರ 9 ಗೋಲಿ ಇವೆ. ಅವು ಸಲೀಮನ ಗೋಲಿಗಳಿಗಿಂತ 4 ಹೆಚ್ಚು. ಸಲೀಮನ ಹತ್ತಿರ ಎಷ್ಟು ಗೋಲಿ ಇವೆ?

ಅವನು 13 ಎಂದು ಬರೆದ. ಕೇಳಿದರೆ, ಶಾಲೆಯಲ್ಲಿ ಒಂದು ಪಟ್ಟಿ ಬರೆಸಿದ್ದಾರಂತೆ. "ಒಟ್ಟು, ಸೇರಿಸಿದರೆ, ಹೆಚ್ಚು" ಬಂದರೆ ಕೂಡು. "ಉಳಿದ, ಕೊಟ್ಟ, ಕಡಿಮೆ" ಬಂದರೆ ಕಳೆ. ಪಟ್ಟಿಯ ಪ್ರಕಾರ ಅವನು ಮಾಡಿದ್ದು ಸರಿ. ಉತ್ತರ ಮಾತ್ರ ತಪ್ಪು. ನೀವೆಲ್ಲ ಮನೆಯಲ್ಲಿ, ಶಾಲೆಯಲ್ಲಿ ಹೇಗೆ ಕಲಿಸುತ್ತೀರಿ? ದಯವಿಟ್ಟು ಹೇಳಿ.

ಮಲೆನಾಡ_ಮೇಷ್ಟ್ರು

ಆ ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ ಮೇಡಂ. ನಿಮ್ಮ ಹುಡುಗನಿಗೆ ಲೆಕ್ಕ ಬರುತ್ತದೆ. ಓದಿ ಅರ್ಥ ಮಾಡಿಕೊಳ್ಳುವ ಕೆಲಸವನ್ನು ಆ ಪಟ್ಟಿ ಅವನಿಂದ ಕಿತ್ತುಕೊಂಡಿದೆ, ಅಷ್ಟೇ.

ಈ ಎರಡು ಲೆಕ್ಕ ನೋಡಿ.

ಗಿರಿಜಾ ಹತ್ತಿರ 8 ಪೇರಳೆ ಹಣ್ಣು ಇದ್ದವು. 3 ಹಣ್ಣು ತಮ್ಮನಿಗೆ ಕೊಟ್ಟಳು. ಎಷ್ಟು ಉಳಿದವು?

ಗಿರಿಜಾ ತನ್ನ ಹತ್ತಿರ ಇದ್ದ ಪೇರಳೆ ಹಣ್ಣುಗಳಲ್ಲಿ 3 ತಮ್ಮನಿಗೆ ಕೊಟ್ಟಳು. 5 ಉಳಿದವು. ಮೊದಲು ಎಷ್ಟಿದ್ದವು?

ಎರಡರಲ್ಲೂ "ಕೊಟ್ಟಳು" ಇದೆ, "ಉಳಿದವು" ಇದೆ. ಮೊದಲನೆಯದರಲ್ಲಿ ಕಳೆಯಬೇಕು, ಎರಡನೆಯದರಲ್ಲಿ ಕೂಡಬೇಕು. ಪಟ್ಟಿ ಹಿಡಿದು ಹೋದ ಮಗು ಎರಡನೆಯದಕ್ಕೆ 5 - 3 = 2 ಎಂದು ಬರೆಯುತ್ತದೆ. ಮೂರು ಕೊಟ್ಟ ಮೇಲೂ ಐದು ಉಳಿದಿರುವಾಗ ಮೊದಲು ಎರಡೇ ಇರಲು ಹೇಗೆ ಸಾಧ್ಯ ಎಂದು ಅದು ಕೇಳಿಕೊಳ್ಳುವುದೇ ಇಲ್ಲ. ಈ ಪ್ರಶ್ನೆ ಮಗುವಿನ ತಲೆಯಲ್ಲಿ ತಾನಾಗಿ ಏಳಬೇಕು. ಅದಕ್ಕೆ ಒಂದೇ ದಾರಿ: ಕೂಡು, ಕಳೆ ಎಂಬ ಮಾತನ್ನೇ ಎತ್ತದೆ ಮೊದಲು ಕಥೆ ಹೇಳಿಸುವುದು. ಏನಾಯಿತು? ಮೊದಲು ಏನಿತ್ತು? ಆಮೇಲೆ ಹೆಚ್ಚಾಯಿತಾ, ಕಡಿಮೆಯಾಯಿತಾ? ಯಾವುದು ಗೊತ್ತಿಲ್ಲ?

ಸುಮ್ನೆ_ಓದುಗ

ನನ್ನ ತಂಗಿಯೂ ಇದೇ ಕೇಳುತ್ತಿದ್ದಳು. ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಗಾಬರಿ ಬೇಡ.

ಟೀಚರ್_ಗದಗ

ಮೇಷ್ಟ್ರೇ, ನೀವು ಹೇಳಿದ್ದು ಓದಲು ಚೆನ್ನಾಗಿದೆ. ಆದರೆ ಪಟ್ಟಿ ಕೊಡುವ ಟೀಚರನ್ನು ಬೈಯುವ ಮೊದಲು ತರಗತಿ ನೋಡಬೇಕು. ಒಂದೇ ಕೋಣೆಯಲ್ಲಿ ಮೂರು ತರಗತಿ ಇರುತ್ತವೆ. ಅರ್ಧ ಮಕ್ಕಳಿಗೆ ವಾಕ್ಯ ಓದಲು ಬರುವುದಿಲ್ಲ. ಅಂಥ ಮಗುವಿಗೆ "ಕಥೆ ಹೇಳು" ಅಂದರೆ ಏನು ಹೇಳೀತು? ಒಂದು ಆಧಾರ ಅಂತ ಕೊಡುತ್ತೇವೆ. ಪಟ್ಟಿಯಿಂದ ಹತ್ತರಲ್ಲಿ ಏಳೆಂಟು ಲೆಕ್ಕ ಸರಿಯಾಗಿ ಬರುತ್ತವೆ. ಮಗುವಿಗೆ ಧೈರ್ಯ ಬರುತ್ತದೆ. ಅದೂ ಬೇಕಲ್ವಾ?

ಮಲೆನಾಡ_ಮೇಷ್ಟ್ರು

ಟೀಚರನ್ನು ಬೈಯುತ್ತಿಲ್ಲ ಮೇಡಂ. ನಾನೂ ಬಹುತರಗತಿ ಕೋಣೆಯಲ್ಲೇ ಪಾಠ ಮಾಡುವವನು. ಆದರೆ ಏಳೆಂಟು ಸರಿ ಬರುವುದಕ್ಕೆ ಕಾರಣ, ಪಠ್ಯದಲ್ಲಿ ಅಂಥ ಸುಲಭದ ಲೆಕ್ಕಗಳೇ ಜಾಸ್ತಿ ಇರುವುದು. ಮೂರು, ನಾಲ್ಕನೇ ತರಗತಿಗೆ ಎರಡು ಹಂತದ ಲೆಕ್ಕ ಬಂದಾಗ ಪಟ್ಟಿ ಪೂರ್ತಿ ಕೈಕೊಡುತ್ತದೆ. ಆಗ ಹೋಗುವ ಧೈರ್ಯ ವಾಪಸ್ ಬರುವುದು ಕಷ್ಟ.

ಓದಲು ಬಾರದ ಮಗುವಿಗೆ ಓದಿಸಲೇಬೇಕು ಅಂತ ಯಾರು ಹೇಳಿದರು? ಬಾಯಲ್ಲಿ ಹೇಳಿ. ಒಂದನೇ ತರಗತಿಯಲ್ಲಿ ವಾಕ್ಯದ ಲೆಕ್ಕ ಎಲ್ಲವೂ ಬಾಯಿಮಾತಿನಲ್ಲೇ ಇರಬೇಕು. "ಬಸ್ಸಿನಲ್ಲಿ 7 ಜನ ಇದ್ದರು, ಸಾಗರದಲ್ಲಿ 2 ಜನ ಇಳಿದರು" ಎಂದು ಹೇಳಿ, ನಾಲ್ಕು ಬೆಂಚು ಜೋಡಿಸಿ ಮಕ್ಕಳನ್ನೇ ಕೂರಿಸಿ, ಇಳಿಸಿ. ಇದಕ್ಕೆ ಓದುವ ಶಕ್ತಿ ಬೇಡ.

ಅಜ್ಜನ_ಲೆಕ್ಕ

ನಮ್ಮ ಕಾಲದಲ್ಲಿ ಬಾಯಿಲೆಕ್ಕ, ಮಗ್ಗಿ, ಕೂಡುವ ಕೋಷ್ಟಕ ಎಲ್ಲ ಬಾಯಿಪಾಠ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂರಿಸಿ ಹೇಳಿಸುತ್ತಿದ್ದರು. ಯಾರೂ ಬೆಂಚು ಜೋಡಿಸಿ ಬಸ್ಸು ಆಡಲಿಲ್ಲ. ಆದರೂ ಅಂಗಡಿ ಲೆಕ್ಕ ಮಾಡಿದೆವು, ಬಡ್ಡಿ ಲೆಕ್ಕ ಮಾಡಿದೆವು. ಈಗಿನ ಮಕ್ಕಳು ಬೆರಳು ಎಣಿಸುತ್ತಾರೆ. ಮೊದಲು ಆ ಬೆರಳು ಬಿಡಿಸಿ.

ನಲಿಕಲಿ_ಟೀಚರಮ್ಮ

ಅಜ್ಜ, ಬಾಯಿಲೆಕ್ಕ ಖಂಡಿತ ಬೇಕು. ಆದರೆ ಬೆರಳು ಬಿಡಿಸಬೇಡಿ. ಬೆರಳು ಮಗುವಿನ ಮೊದಲ ಮಣಿಚೌಕಟ್ಟು. ಅದು ಹೇಗೆ ಎಣಿಸುತ್ತದೆ ಎಂಬುದನ್ನು ನೋಡಬೇಕು.

5 + 3 ಕ್ಕೆ ಒಂದು ಮಗು ಐದು ಬೆರಳು ಎಣಿಸಿ, ಮೂರು ಬೆರಳು ಎಣಿಸಿ, ಮತ್ತೆ ಒಂದರಿಂದ ಎಂಟರವರೆಗೆ ಎಣಿಸುತ್ತದೆ. ಇದು ಮೊದಲ ಹಂತ. ಇನ್ನೊಂದು ಮಗು "ಐದು" ಎಂದು ಮನಸ್ಸಿನಲ್ಲಿ ಇಟ್ಟುಕೊಂಡು "ಆರು, ಏಳು, ಎಂಟು" ಎನ್ನುತ್ತದೆ. ಮೂರನೆಯದು 2 + 9 ಕೊಟ್ಟರೆ ತಿರುಗಿಸಿ ಒಂಬತ್ತರಿಂದ ಶುರು ಮಾಡುತ್ತದೆ. ಆಮೇಲೆ 6 + 7 ಕ್ಕೆ "ಆರು ಆರು ಹನ್ನೆರಡು, ಇನ್ನೊಂದು ಹದಿಮೂರು" ಎನ್ನುವ ಮಗು ಬರುತ್ತದೆ. ಈ ಹಾದಿಯಲ್ಲಿ ಬೆರಳು ತಾನಾಗಿ ಬಿಟ್ಟುಹೋಗುತ್ತದೆ. ಬಯ್ದು ಬಿಡಿಸಿದರೆ ಮಗು ಮೇಜಿನ ಕೆಳಗೆ ಬೆರಳು ಎಣಿಸುತ್ತದೆ, ಆಗ ಅದು ಯಾವ ಹಂತದಲ್ಲಿದೆ ಎಂಬುದೇ ನಮಗೆ ಕಾಣುವುದಿಲ್ಲ.

ಟೀಚರ್ ಗದಗ ಅವರ ಕಷ್ಟ ನನಗೆ ಗೊತ್ತು. ನಾನು ಮಾಡುವುದು ಇಷ್ಟು: ಐದೈದು ಮಕ್ಕಳ ಗುಂಪು, ಒಂದು ಡಬ್ಬಿ ಹುಣಸೆ ಬೀಜ, ಒಂದು ಲೆಕ್ಕ. ಒಂದು ಗುಂಪಿನ ಹತ್ತಿರ ನಾನು ಕೂರುತ್ತೇನೆ, ಉಳಿದವರು ತಮ್ಮ ಕಾರ್ಡು ಮಾಡುತ್ತಾರೆ. ಎಲ್ಲರಿಗೂ ಒಟ್ಟಿಗೆ ಬೋರ್ಡಿನ ಮೇಲೆ ಹೇಳುವುದಕ್ಕಿಂತ ಇದು ಸುಲಭ.

ಸುಮ್ನೆ_ಓದುಗ

ನೀವು ಹೇಳುವ ಈ ಗುಂಪು, ಕಾರ್ಡಿನ ನಲಿ-ಕಲಿ ಪದ್ಧತಿ 2009ರಲ್ಲಿ ಶುರುವಾಯಿತು ಅಲ್ವಾ? ನಾವು ಓದುವಾಗ ಇರಲಿಲ್ಲ.

ನಲಿಕಲಿ_ಟೀಚರಮ್ಮ

ಇಲ್ಲ, ಅದಕ್ಕೂ ಮುಂಚೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ರೂಪಿಸಿದ್ದು. ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು 2009-10ರಲ್ಲಿ.

ಜರ್ಸಿ_ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಮಗಳು ಒಂದನೇ ಕ್ಲಾಸು. ಇಲ್ಲಿ ಅನೇಕ ರಾಜ್ಯಗಳು 2010ರಲ್ಲಿ ಬಂದ ಕಾಮನ್ ಕೋರ್ (ಯಾವ ಕ್ಲಾಸಿನಲ್ಲಿ ಏನು ಕಲಿಯಬೇಕು ಎಂಬ ಪಟ್ಟಿ) ಆಧಾರದ ಮೇಲೆ ಪಾಠ ಇಟ್ಟುಕೊಂಡಿವೆ. ಅದರಲ್ಲಿ ಕೂಡುವ, ಕಳೆಯುವ ಕಥೆಗಳಿಗೆ ಒಂದು ಕೋಷ್ಟಕವೇ ಇದೆ. ಸೇರಿಸುವ ಕಥೆ, ತೆಗೆಯುವ ಕಥೆ, ಎರಡು ಭಾಗ ಸೇರಿ ಒಂದಾಗುವ ಕಥೆ, ಹೋಲಿಸುವ ಕಥೆ. ಪ್ರತಿಯೊಂದರಲ್ಲೂ ಗೊತ್ತಿಲ್ಲದ ಸಂಖ್ಯೆ ಕೊನೆಯಲ್ಲಿ ಇರಬಹುದು, ನಡುವೆ ಇರಬಹುದು, ಶುರುವಿನಲ್ಲೇ ಇರಬಹುದು. ಒಂದನೇ ಕ್ಲಾಸಿನಲ್ಲಿ 20ರ ಒಳಗೆ, ಎರಡನೇ ಕ್ಲಾಸಿನಲ್ಲಿ 100ರ ಒಳಗೆ.

ಮೇಷ್ಟ್ರು ಕೊಟ್ಟ ಪೇರಳೆ ಲೆಕ್ಕದಲ್ಲಿ ಮೊದಲನೆಯದು ಕೊನೆ ಗೊತ್ತಿಲ್ಲದ್ದು, ಎರಡನೆಯದು ಶುರು ಗೊತ್ತಿಲ್ಲದ್ದು. ನಮ್ಮ ಊರಿನ ಪುಸ್ತಕಗಳಲ್ಲಿ ಕೊನೆ ಗೊತ್ತಿಲ್ಲದ್ದೇ ಜಾಸ್ತಿ ಅಂತ ನನಗೂ ಅನಿಸುತ್ತದೆ.

ಅಂಕಿಅಂಶ_ಬೇಡ

ಜರ್ಸಿಯವರು ಹೇಳಿದ ವಿಂಗಡಣೆಯ ಬೇರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದೆ. ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ಇದನ್ನು ಚೆನ್ನಾಗಿ ನೋಡಿದರು. ಯಾರೂ ಕಲಿಸದೇ ಇದ್ದಾಗಲೂ ಚಿಕ್ಕ ಮಕ್ಕಳು ಕಥೆಯಲ್ಲಿ ನಡೆದದ್ದನ್ನೇ ಕಾಯಿ, ಬೆರಳುಗಳಲ್ಲಿ ಮಾಡಿ ತೋರಿಸಿ ಉತ್ತರ ಹುಡುಕುತ್ತಾರೆ. ಅಂದರೆ ಲೆಕ್ಕ ಕಲಿತ ಮೇಲೆ ಕಥೆ ಅಲ್ಲ. ಕಥೆಯೇ ಲೆಕ್ಕ ಕಲಿಯುವ ದಾರಿ. ನಮ್ಮಲ್ಲಿ ಪಾಠದ ಕೊನೆಗೆ ನಾಲ್ಕು ವಾಕ್ಯದ ಲೆಕ್ಕ ಇಡುವುದು ಈ ಕ್ರಮವನ್ನು ತಲೆಕೆಳಗು ಮಾಡಿದಂತೆ.

ಟೀಚರ್_ಗದಗ

ಇದು ಒಪ್ಪುತ್ತೇನೆ. ಪುಸ್ತಕದ ಕೊನೆಯ ಪುಟದ ಲೆಕ್ಕಕ್ಕೆ ಬರುವಷ್ಟರಲ್ಲಿ ಪಾಠ ಮುಗಿಸುವ ಅವಸರ ಇರುತ್ತದೆ.

ಎರಡನೇ_ಕ್ಲಾಸ್_ಅಮ್ಮ

ತುಂಬಾ ಉಪಯೋಗ ಆಗುತ್ತಿದೆ. ಆದರೆ ಗೋಲಿ ಲೆಕ್ಕದಲ್ಲಿ ಯಾರೂ ಕೊಟ್ಟಿಲ್ಲ, ತೆಗೆದುಕೊಂಡಿಲ್ಲ. ರವಿ, ಸಲೀಮ ಸುಮ್ನೆ ನಿಂತಿದ್ದಾರೆ. ಇದನ್ನು ಆಡಿ ತೋರಿಸುವುದು ಹೇಗೆ?

ಅಂಕಿಅಂಶ_ಬೇಡ

ಒಳ್ಳೆಯ ಪ್ರಶ್ನೆ. ಹೋಲಿಸುವ ಲೆಕ್ಕ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದರಲ್ಲಿ ಏನೂ ನಡೆಯುವುದಿಲ್ಲ.

1983ರಲ್ಲಿ ಹಡ್ಸನ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಕೆಲವು ಹಕ್ಕಿ, ಕೆಲವು ಹುಳುಗಳ ಚಿತ್ರ ತೋರಿಸಿ "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?" ಎಂದು ಕೇಳಿದರು. ಹೆಚ್ಚಿನವರು ತಪ್ಪಿದರು. ಅದೇ ಚಿತ್ರ ಇಟ್ಟುಕೊಂಡು "ಹಕ್ಕಿಗಳೆಲ್ಲ ಓಡಿ ಬಂದು ಒಂದೊಂದು ಹುಳು ಹಿಡಿದರೆ, ಎಷ್ಟು ಹಕ್ಕಿಗೆ ಹುಳು ಸಿಗುವುದಿಲ್ಲ?" ಎಂದು ಕೇಳಿದರು. ಬಹುತೇಕ ಮಕ್ಕಳು ಸರಿಯಾಗಿ ಹೇಳಿದರು. ಚಿತ್ರ ಬದಲಾಗಲಿಲ್ಲ, ಸಂಖ್ಯೆ ಬದಲಾಗಲಿಲ್ಲ. ಪ್ರಶ್ನೆ ಬದಲಾಯಿತು.

ನಿಮ್ಮ ಮಗನಿಗೆ ಹೀಗೆ ಮಾಡಿ. ರವಿಯ 9 ಗೋಲಿ ಒಂದು ಸಾಲಿನಲ್ಲಿ ಇಡಲಿ. ಅದರ ಕೆಳಗೆ ಸಲೀಮನ ಸಾಲು. ಮೊದಲು ಒಂದೇ ಪ್ರಶ್ನೆ: ಯಾರ ಸಾಲು ಉದ್ದ? ಈ ಉತ್ತರ ಸರಿಯಾದರೆ ಅರ್ಧ ಕೆಲಸ ಮುಗಿಯಿತು. ರವಿಯದು ಉದ್ದ ಎಂದಮೇಲೆ ಸಲೀಮನಿಗೆ 13 ಬರಲು ಸಾಧ್ಯವೇ ಇಲ್ಲ ಎಂದು ಅವನಿಗೇ ಕಾಣುತ್ತದೆ. ಆಮೇಲೆ ರವಿಯ ಸಾಲಿನ ತುದಿಯ 4 ಗೋಲಿಗೆ ಜೋಡಿ ಇಲ್ಲ ಎಂದು ಗೆರೆ ಎಳೆಯಿರಿ. ಉಳಿದ ಐದಕ್ಕೆ ಜೋಡಿ ಇಟ್ಟರೆ ಅದೇ ಸಲೀಮನ ಸಾಲು.

ಗೋಲಿಯಿಂದ ಚಿತ್ರಕ್ಕೆ, ಚಿತ್ರದಿಂದ ಕಾಗದದ ಮೇಲೆ ಎಳೆದ ಎರಡು ಅಡ್ಡ ಪಟ್ಟಿಗೆ (ಶಾಲೆಯ ಪದಗಳ ಪಟ್ಟಿ ಅಲ್ಲ) ಬನ್ನಿ. ಉದ್ದದ ಪಟ್ಟಿ ರವಿಗೆ, ಗಿಡ್ಡ ಪಟ್ಟಿ ಸಲೀಮನಿಗೆ, ಮಿಕ್ಕ ಜಾಗಕ್ಕೆ 4. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಹೀಗೆ ಪಟ್ಟಿ ಎಳೆಸುತ್ತಾರೆ. ಮುಂದೆ ಭಿನ್ನರಾಶಿ, ಶೇಕಡಾ ಲೆಕ್ಕಕ್ಕೂ ಅದೇ ಚಿತ್ರ ಕೆಲಸಕ್ಕೆ ಬರುತ್ತದೆ.

ಧಾರವಾಡ_ಅಕ್ಕ

ನೋಡ್ರಿ, ಈ ಪಟ್ಟಿ ಚಿತ್ರ ನಮ್ಮ ಮನೆಯಲ್ಲಿ ಬಹಳ ಕೆಲಸಕ್ಕೆ ಬಂತು. ಆದರೆ ನೇರ ಪಟ್ಟಿಗೆ ಹೋಗಬೇಡಿ. ಮಗು "ಪಟ್ಟಿ ಯಾಕೆ?" ಅಂತ ಗೊತ್ತಿಲ್ಲದೆ ಡಬ್ಬ ಬರೆಯುತ್ತಾ ಕೂರುತ್ತದೆ. ಮೊದಲು ವಸ್ತು, ಆಮೇಲೆ ವಸ್ತುವಿನ ಚಿತ್ರ, ಆಮೇಲೆ ಬರೀ ಪಟ್ಟಿ.

ಕಿರಾಣಿ_ಅಂಗಡಿ

ಇಷ್ಟೆಲ್ಲಾ ಯಾಕೆ? ಮಗುವನ್ನು ಅಂಗಡಿಗೆ ಕಳಿಸಿ. ನನ್ನ ಮಗ ಗಲ್ಲಾಪೆಟ್ಟಿಗೆ ಹತ್ತಿರ ಕೂತು ಕಲಿತ. 37 ರೂಪಾಯಿ ಸಾಮಾನಿಗೆ 50ರ ನೋಟು ಕೊಟ್ಟರೆ ಅವನು ಕಳೆಯುವುದೇ ಇಲ್ಲ. ಮೂರು ರೂಪಾಯಿ ಇಟ್ಟು "ನಲವತ್ತು", ಹತ್ತರ ನೋಟು ಇಟ್ಟು "ಐವತ್ತು". ಮುಗಿಯಿತು.

ನಲಿಕಲಿ_ಟೀಚರಮ್ಮ

ಇದು ಕಳೆಯುವುದೇ ಅಣ್ಣ! ಮೇಲಕ್ಕೆ ಎಣಿಸಿ ಕಳೆಯುವುದು. ತರಗತಿಯಲ್ಲಿ ನಾವು ಇದನ್ನು ಕಲಿಸಬೇಕು, ಕಲಿಸುವುದಿಲ್ಲ. 13ರಲ್ಲಿ 8 ಹೋದರೆ ಎಷ್ಟು ಎಂದಾಗ ಹಿಂದಕ್ಕೆ ಎಂಟು ಎಣಿಸುವ ಮಗು ಎಡವುತ್ತದೆ. ಎಂಟರಿಂದ ಹತ್ತಕ್ಕೆ 2, ಹತ್ತರಿಂದ ಹದಿಮೂರಕ್ಕೆ 3, ಒಟ್ಟು 5. ಇದು ನಿಮ್ಮ ಗಲ್ಲಾಪೆಟ್ಟಿಗೆ ಲೆಕ್ಕವೇ.

ಅಂಕಿಅಂಶ_ಬೇಡ

ಕಿರಾಣಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಬ್ರೆಜಿಲಿನ ರೆಸಿಫೆ ಊರಿನಲ್ಲಿ ಸಂತೆಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ನೋಡಿ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದಲ್ಲಿ ಹೆಚ್ಚು ಕಡಿಮೆ ಎಲ್ಲ ಲೆಕ್ಕವನ್ನೂ ಸರಿಯಾಗಿ ಹೇಳಿದ ಮಕ್ಕಳು, ಅದೇ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಕೊಟ್ಟಾಗ ಬಹಳ ತಪ್ಪಿದರು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಯ ಮಕ್ಕಳ ಬಗ್ಗೆಯೂ ಇದನ್ನೇ ಹೇಳಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅದರ ಲೇಖಕರ ತಂಡದಲ್ಲಿದ್ದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದು ಉಲ್ಟಾ: ಕಾಗದದ ಲೆಕ್ಕ ಬರುತ್ತದೆ, ಅಂಗಡಿ ಲೆಕ್ಕ ಕಷ್ಟ.

ಹಾಗಾಗಿ ಅಂಗಡಿಗೆ ಕಳಿಸಿದರೆ ಸಾಕು ಅನ್ನುವುದೂ ಸರಿಯಲ್ಲ. ಅಂಗಡಿಯಿಂದ ಬಂದ ಮೇಲೆ "ನೀನು ಏನು ಮಾಡಿದೆ, ಬರಿ ನೋಡೋಣ" ಎಂದು ಕೂರಿಸಬೇಕು. ಎರಡರ ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ.

ಕಿರಾಣಿ_ಅಂಗಡಿ

ಹೌದು, ಇದು ನಿಜ. ಅವನ ಗಣಿತದ ಅಂಕ ಅಷ್ಟೇನೂ ಇಲ್ಲ. ಈಗ ಗೊತ್ತಾಯಿತು. ಅಂದ ಹಾಗೆ ಈಗ ಎಲ್ಲರೂ ಫೋನ್‌ನಲ್ಲೇ ದುಡ್ಡು ಕಳಿಸುತ್ತಾರೆ. ಚಿಲ್ಲರೆ ಕೊಡುವ ಕೆಲಸವೇ ಕಡಿಮೆ. ಸಣ್ಣ ಮಗನಿಗೆ ಆ ಅಭ್ಯಾಸ ಆಗುತ್ತಲೇ ಇಲ್ಲ.

ಸುಮ್ನೆ_ಓದುಗ

ಇದು ನಾನು ಯೋಚಿಸಿಯೇ ಇರಲಿಲ್ಲ. ಮಕ್ಕಳು ನಾಣ್ಯ ಮುಟ್ಟುವುದೇ ಕಡಿಮೆಯಾಗಿದೆ.

ಕರಾವಳಿ_ಅಜ್ಜಿ

ನಾಣ್ಯ ಇಲ್ಲದಿದ್ದರೆ ಚೆನ್ನೆಮಣೆ ತೆಗೆಯಿರಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಆಟಿ ತಿಂಗಳ ಮಳೆಯಲ್ಲಿ ಮೊಮ್ಮಗಳು ನನ್ನ ಜೊತೆ ಆಡುತ್ತಾಳೆ. ಆಟ ಮುಗಿದ ಮೇಲೆ "ಅಜ್ಜಿ, ನಿಂಗಿಂತ ನಂಗೆ ಎಷ್ಟು ಜಾಸ್ತಿ?" ಎಂದು ಅವಳೇ ಕೇಳುತ್ತಾಳೆ. ಅದೇ ನೀವು ಹೇಳುವ ಹೋಲಿಸುವ ಲೆಕ್ಕ ಅಲ್ಲವಾ? ಜೋಡಿ ಜೋಡಿ ತೆಗೆದು ಪಕ್ಕಕ್ಕಿಟ್ಟು ಉಳಿದದ್ದನ್ನು ಎಣಿಸುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ.

ಧಾರವಾಡ_ಅಕ್ಕ

ನಮ್ಮ ಕಡೆ ಅಳಗುಳಿ ಮಣೆ ಅಂತೀವಿ. ಚೌಕಾಬಾರವೂ ಚಲೋ. ಕವಡೆ ಬಿದ್ದಷ್ಟು ಮುಂದೆ ಹೋಗುವುದು, "ಹಣ್ಣಾಗಲು ಇನ್ನೆಷ್ಟು ಬೇಕು?" ಎಂದು ಕೇಳುವುದು. ಅದು ನಡುವಿನ ಸಂಖ್ಯೆ ಗೊತ್ತಿಲ್ಲದ ಲೆಕ್ಕ.

ಅಜ್ಜನ_ಲೆಕ್ಕ

ಚೌಕಾಬಾರ ಅಂದಿರಿ, ಸಂತೋಷವಾಯಿತು. ನಮ್ಮ ದೇವಸ್ಥಾನದ ಕಲ್ಲುಹಾಸಿನ ಮೇಲೆ ಮನೆ ಕೊರೆದಿದ್ದಾರೆ. ಈಗ ಯಾರೂ ಕೂರುವುದಿಲ್ಲ.

ಅಬಾಕಸ್_ಅಪ್ಪ

ನಾವು ಮಗಳನ್ನು ಅಬಾಕಸ್ ಕ್ಲಾಸಿಗೆ ಹಾಕಿದ್ದೇವೆ. ನಾಲ್ಕಂಕಿಯ ಸಂಖ್ಯೆಗಳನ್ನು ಕಣ್ಣು ಮುಚ್ಚಿ ಕೂಡುತ್ತಾಳೆ. ಈ ಬೀಜ, ಗೋಲಿ ಎಲ್ಲ ನಿಧಾನದ ದಾರಿ ಅಲ್ವಾ?

ಮಲೆನಾಡ_ಮೇಷ್ಟ್ರು

ವೇಗ ಬಂದದ್ದು ಒಳ್ಳೆಯದೇ ಸರ್. ಆದರೆ ಎರಡನೇ_ಕ್ಲಾಸ್_ಅಮ್ಮ ಕೇಳುತ್ತಿರುವುದು ವೇಗದ ವಿಷಯ ಅಲ್ಲ. ಅವರ ಮಗನಿಗೂ 14 - 6 ಪಟ್ ಅಂತ ಬರುತ್ತದೆ. ಯಾವಾಗ ಕೂಡಬೇಕು ಎಂಬುದನ್ನು ಅಬಾಕಸ್ ಹೇಳುವುದಿಲ್ಲ. ಮಗಳಿಗೆ ಮೇಲಿನ ಗಿರಿಜಾಳ ಎರಡನೇ ಲೆಕ್ಕ ಕೊಟ್ಟು ನೋಡಿ.

ಅಬಾಕಸ್_ಅಪ್ಪ

ಕೊಟ್ಟೆ. 2 ಅಂದಳು. ಸರಿ, ಹುಣಸೆ ಬೀಜ ಹುಡುಕುತ್ತೇನೆ.

ಅಂಕಿಅಂಶ_ಬೇಡ

ಇದು ನಮ್ಮ ಮಕ್ಕಳ ಸಮಸ್ಯೆ ಮಾತ್ರ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಎರಡು, ಮೂರನೇ ತರಗತಿಯ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. "ಹಡಗಿನಲ್ಲಿ 26 ಕುರಿ, 10 ಆಡು ಇವೆ. ಕ್ಯಾಪ್ಟನ್ ವಯಸ್ಸೆಷ್ಟು?" 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಬಳಸಿ ವಯಸ್ಸು ಹೇಳಿದರು. "ಇದು ಹೇಳಲು ಬರುವುದಿಲ್ಲ" ಎನ್ನಲಿಲ್ಲ. ಲೆಕ್ಕ ಅಂದಮೇಲೆ ಸಂಖ್ಯೆಗಳನ್ನು ಏನಾದರೂ ಮಾಡಲೇಬೇಕು ಎಂದು ಶಾಲೆ ಅವರಿಗೆ ಕಲಿಸಿಬಿಟ್ಟಿತ್ತು.

ಆದ್ದರಿಂದ ನಡುನಡುವೆ ಉತ್ತರ ಇಲ್ಲದ ಲೆಕ್ಕ ಕೊಡಿ. "ಸಂತೆಯಲ್ಲಿ 5 ಕೆಜಿ ಟೊಮೆಟೊ, 3 ಕೆಜಿ ಈರುಳ್ಳಿ ತಂದರು. ಎಷ್ಟು ದುಡ್ಡಾಯಿತು?" ಮಗು "ಬೆಲೆ ಹೇಳೇ ಇಲ್ಲವಲ್ಲ!" ಎಂದು ರೇಗಿದರೆ ಅದು ಓದುತ್ತಿದೆ ಎಂದು ಅರ್ಥ.

ಎರಡನೇ_ಕ್ಲಾಸ್_ಅಮ್ಮ

ಇದನ್ನು ಈಗಲೇ ಕೇಳಿ ಬಂದೆ. "8 ರೂಪಾಯಿ" ಅಂದ. ಅವನ ಅಕ್ಕ ಜೋರಾಗಿ ನಕ್ಕಳು, ಅವನಿಗೆ ಬೇಜಾರಾಯಿತು.

ನಲಿಕಲಿ_ಟೀಚರಮ್ಮ

ಪಾಪ. ಅಕ್ಕನ ಎದುರಿಗೆ ಕೇಳಬೇಡಿ. ನಾಳೆ ಇದನ್ನು ಮಾಡಿ: ಸಂಖ್ಯೆ ತೆಗೆದು ಓದಿ. "ರವಿಯ ಹತ್ತಿರ ಕೆಲವು ಗೋಲಿ ಇವೆ. ಅವು ಸಲೀಮನ ಗೋಲಿಗಳಿಗಿಂತ ಹೆಚ್ಚು." ಅಲ್ಲಿಗೇ ನಿಲ್ಲಿಸಿ. ಹಿಡಿಯಲು ಸಂಖ್ಯೆಯೇ ಇಲ್ಲದಿದ್ದರೆ ಮಗು ಕಥೆಯನ್ನೇ ನೋಡಬೇಕಾಗುತ್ತದೆ. "ಯಾರ ಹತ್ತಿರ ಜಾಸ್ತಿ? ನಿನಗೆ ಏನು ಕೇಳಬೇಕು ಅನಿಸುತ್ತದೆ?" ಎಂದು ಕೇಳಿ. ಆಮೇಲೆ ಒಂದು ಸಂಖ್ಯೆ ಸೇರಿಸಿ, ಕೊನೆಗೆ ಇನ್ನೊಂದು.

ಇನ್ನೊಂದು ನನಗೆ ಬಹಳ ಇಷ್ಟ. ಉಲ್ಟಾ ಆಟ. 9 - 4 ಎಂದು ಬರೆದು "ಇದಕ್ಕೆ ಒಂದು ಕಥೆ ಕಟ್ಟು" ಎನ್ನಿ. ಮೊದಮೊದಲು ಎಲ್ಲ ಮಕ್ಕಳೂ "9 ಚಾಕಲೇಟ್ ಇತ್ತು, 4 ತಿಂದೆ" ಎನ್ನುತ್ತಾರೆ. "ತಿನ್ನದೇ, ಕೊಡದೇ, ಕಳೆದುಹೋಗದೇ ಇರುವ ಕಥೆ ಹೇಳು" ಎಂದರೆ ತಲೆ ಓಡುತ್ತದೆ. ನನ್ನ ತರಗತಿಯ ಒಬ್ಬಳು ಹೇಳಿದ್ದು: "ನಮ್ಮ ಮನೇಲಿ 9 ಕೋಳಿ. 4 ಬುಟ್ಟಿ ಒಳಗೆ ಬಂದಿವೆ. ಇನ್ನೂ ಎಷ್ಟು ಹುಡುಕಬೇಕು?" ಇಂಥ ಕಥೆಯನ್ನು ನಾನು ಪುಸ್ತಕದಲ್ಲಿ ನೋಡಿಲ್ಲ.

ಟೀಚರ್_ಗದಗ

ಕೋಳಿ ಲೆಕ್ಕ ನಾಳೆ ನಮ್ಮ ತರಗತಿಗೆ ಹೋಗುತ್ತದೆ!

ನನ್ನದೊಂದು ಬೇರೆ ಪ್ರಶ್ನೆ. ಕಥೆ ಅರ್ಥವಾಗಿ, ಕಳೆಯಬೇಕು ಎಂದು ಗೊತ್ತಾದ ಮೇಲೂ 42 - 17 ಕ್ಕೆ 35 ಬರೆಯುತ್ತಾರೆ. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವ ಅಸರ್ ಸಮೀಕ್ಷೆಯವರು ಮಕ್ಕಳಿಗೆ ಕೊಡುವುದೂ ಇದೇ ಥರದ, ದಶಕ ತೆಗೆದುಕೊಳ್ಳುವ ಎರಡಂಕಿ ಲೆಕ್ಕ. ಎಷ್ಟು ಸಲ ಹೇಳಿದರೂ ಮತ್ತೆ ಅದೇ.

ಮಲೆನಾಡ_ಮೇಷ್ಟ್ರು

35 ಬಂದದ್ದು ಅಜಾಗರೂಕತೆಯಿಂದ ಅಲ್ಲ. ಮಗು 2ರಲ್ಲಿ 7 ಹೋಗುವುದಿಲ್ಲ ಎಂದು ನೋಡಿ, ತಿರುಗಿಸಿ 7ರಲ್ಲಿ 2 ಕಳೆದು 5 ಬರೆದಿದೆ. "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆ" ಎಂದು ನಾವೇ ಹೇಳಿರುತ್ತೇವೆ. ಮಗು ಅದನ್ನು ಬಿಡಿ ಸ್ಥಾನಕ್ಕೂ ಹಚ್ಚುತ್ತದೆ. "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುವ ಮಾತಿನಿಂದಲೂ ಏನೂ ತಿಳಿಯುವುದಿಲ್ಲ. ಒಂದು ಸಾಲ ತಂದರೆ ಹತ್ತು ಹೇಗಾಯಿತು? ವಾಪಸ್ ಯಾವಾಗ ಕೊಡುವುದು? ಮಕ್ಕಳು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ.

ತೆಂಗಿನ ಗರಿಯ ಕಡ್ಡಿ ತನ್ನಿ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಂತೆ ಮಾಡಿಸಿ. 42 ಅಂದರೆ ನಾಲ್ಕು ಕಂತೆ, ಎರಡು ಬಿಡಿ. ಈಗ "ಹದಿನೇಳು ಕಡ್ಡಿ ಕೊಡು" ಎಂದು ಕೈ ಚಾಚಿ. ಒಂದು ಕಂತೆ ಕೊಡುತ್ತದೆ. ಏಳು ಬಿಡಿ ಇಲ್ಲ. ಸುಮ್ಮನಿರಿ, ಏನೂ ಹೇಳಬೇಡಿ. ಸ್ವಲ್ಪ ಹೊತ್ತಿಗೆ ಮಗುವೇ ಇನ್ನೊಂದು ಕಂತೆಯ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಹನ್ನೆರಡು ಬಿಡಿಯಾಯಿತು, ಏಳು ಕೊಟ್ಟಿತು, ಐದು ಉಳಿಯಿತು. ಎರಡು ಕಂತೆ, ಐದು ಬಿಡಿ. 25. ಕಂತೆ ಬಿಚ್ಚಿದ್ದನ್ನೇ ಕಾಗದದಲ್ಲಿ 4 ಹೊಡೆದು 3, ಪಕ್ಕದಲ್ಲಿ 12 ಎಂದು ಬರೆಯುವುದು ಎಂದು ಆಮೇಲೆ ತೋರಿಸಿ. ಕಡ್ಡಿ ಕೈಯಲ್ಲಿ ಇರುವಾಗಲೇ ಬರೆಸಿ, ಮರುದಿನಕ್ಕೆ ಬಿಡಬೇಡಿ.

ಜರ್ಸಿ_ಕನ್ನಡಿಗ

ಒಂದು ಗಮನಿಸಿದೆ. ಮಗಳು ಮನೆಯಲ್ಲಿ ಕನ್ನಡದಲ್ಲಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಎಣಿಸುತ್ತಾಳೆ. ಕಡ್ಡಿ ಕಂತೆ ಆಡುವಾಗ ಕನ್ನಡವೇ ಸುಲಭ. ಇಪ್ಪತ್ತೈದು ಅನ್ನುವಾಗ ಇಪ್ಪತ್ತೂ ಕೇಳುತ್ತದೆ, ಐದೂ ಕೇಳುತ್ತದೆ. ಹದಿಮೂರರಲ್ಲೂ ಮೊದಲು ಹತ್ತಿನ ಭಾಗ, ಆಮೇಲೆ ಮೂರು. ಇಂಗ್ಲಿಷಿನ ಥರ್ಟೀನ್, ಥರ್ಟಿ ಎರಡರಲ್ಲೂ ಅವಳು ಗೊಂದಲ ಮಾಡಿಕೊಳ್ಳುತ್ತಾಳೆ.

ಇಂಗ್ಲಿಷ್_ಮಾಧ್ಯಮ_ತಾಯಿ

ನಮ್ಮ ಮಗುವಿಗೆ ವಾಕ್ಯವೇ ಅರ್ಥವಾಗುವುದಿಲ್ಲ. ಮನೆಯಲ್ಲಿ ಕನ್ನಡ, ಪುಸ್ತಕ ಇಂಗ್ಲಿಷ್. ಕನ್ನಡದಲ್ಲಿ ಹೇಳಿದರೆ ತಕ್ಷಣ ಮಾಡುತ್ತಾನೆ. ಶಾಲೆಯವರು ಮನೆಯಲ್ಲೂ ಇಂಗ್ಲಿಷಿನಲ್ಲೇ ಹೇಳಿ ಎನ್ನುತ್ತಾರೆ.

ಧಾರವಾಡ_ಅಕ್ಕ

ದಯವಿಟ್ಟು ಕನ್ನಡದಲ್ಲೇ ಹೇಳಿ. ಲೆಕ್ಕ ತಲೆಯಲ್ಲಿ ಕೂರಬೇಕಾದರೆ ಮಗುವಿಗೆ ಗೊತ್ತಿರುವ ಮಾತೇ ಬೇಕು. ಕಥೆಯನ್ನು ಕನ್ನಡದಲ್ಲಿ ಆಡಿ, ಚಿತ್ರ ಬರೆಸಿ, ಆಮೇಲೆ ಅದೇ ಚಿತ್ರ ಮುಂದಿಟ್ಟುಕೊಂಡು ಇಂಗ್ಲಿಷ್ ವಾಕ್ಯ ಓದಿಸಿ. ಆಗ ಇಂಗ್ಲಿಷೂ ಬರುತ್ತದೆ. ಅರ್ಥವಾಗದ ಭಾಷೆಯಲ್ಲಿ ಅರ್ಥವಾಗದ ಲೆಕ್ಕ ಕೊಟ್ಟು ಮಗುವಿಗೆ ಗಣಿತ ಬರುವುದಿಲ್ಲ ಎನ್ನುವುದು ಅನ್ಯಾಯ. ನನಗೆ ಇದರ ಬಗ್ಗೆ ಬಹಳ ಸಿಟ್ಟಿದೆ.

ಇಂಗ್ಲಿಷ್_ಮಾಧ್ಯಮ_ತಾಯಿ

ಥ್ಯಾಂಕ್ಸ್ ಅಕ್ಕ. ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು.

ಅಜ್ಜನ_ಲೆಕ್ಕ

ಎಲ್ಲ ಓದಿದೆ. ಆದರೂ ಕೋಷ್ಟಕ ಬಾಯಿಪಾಠ ಬಿಡಬೇಡಿ. 7 + 5 ಎಷ್ಟು ಎಂದು ಪ್ರತಿ ಸಲ ಕಡ್ಡಿ ಎಣಿಸುತ್ತಾ ಕೂತರೆ ಕಥೆಯ ಕಡೆ ಗಮನ ಎಲ್ಲಿ ಇರುತ್ತದೆ?

ನಲಿಕಲಿ_ಟೀಚರಮ್ಮ

ಇದರಲ್ಲಿ ನಾನು ನಿಮ್ಮ ಪಕ್ಷ ಅಜ್ಜ. ಹತ್ತು ಮಾಡುವ ಜೋಡಿಗಳು, 9-1, 8-2, 7-3, 6-4, 5-5, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಅರ್ಥ ಮಾಡಿಕೊಂಡ ಮೇಲೆ ಬಾಯಿಪಾಠ. ಕ್ರಮ ಅಷ್ಟೇ ಬೇರೆ.

ಸುಮ್ನೆ_ಓದುಗ

ಎರಡು ಹಂತದ ಲೆಕ್ಕ ಎಂದು ಮೇಷ್ಟ್ರು ಹೇಳಿದ್ದರಲ್ಲ, ಅದು ಯಾವಾಗ ಶುರು ಮಾಡಬೇಕು?

ಮಲೆನಾಡ_ಮೇಷ್ಟ್ರು

ಬಾಯಲ್ಲಿ ಆದರೆ ಎರಡನೇ ತರಗತಿಯಲ್ಲೇ. "ಬಸ್ಸಿನಲ್ಲಿ 12 ಜನ ಇದ್ದರು. 5 ಜನ ಇಳಿದರು, 3 ಜನ ಹತ್ತಿದರು. ಈಗ ಎಷ್ಟು ಜನ?" ಇದು ಸುಲಭದ್ದು. ಇದು ಬಂದ ಮೇಲೆ ಕೇಳಿ: "ಬಸ್ಸು ಹೊರಟಾಗ 12 ಜನ ಇದ್ದರು. ಸಾಗರದಲ್ಲಿ 5 ಜನ ಇಳಿದರು, ಕೆಲವರು ಹತ್ತಿದರು. ಈಗ 10 ಜನ ಇದ್ದಾರೆ. ಹತ್ತಿದವರು ಎಷ್ಟು?" ಇದಕ್ಕೆ ಬೇರೆ ಬೇರೆ ಮಕ್ಕಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಒಬ್ಬ 12ರಲ್ಲಿ 5 ಹೋಗಿ 7, ಅಲ್ಲಿಂದ 10ಕ್ಕೆ 3 ಎನ್ನುತ್ತಾನೆ. ಇನ್ನೊಬ್ಬಳು "ಎರಡು ಜನ ಕಡಿಮೆಯಾದರು, ಇಳಿದವರು ಐದು, ಹಾಗಾದರೆ ಹತ್ತಿದವರು ಮೂರು" ಎನ್ನುತ್ತಾಳೆ. ಇಬ್ಬರನ್ನೂ ಬೋರ್ಡಿನ ಹತ್ತಿರ ಕರೆದು ಹೇಳಿಸಿ.

ಅಬಾಕಸ್_ಅಪ್ಪ

ಎರಡನೇ ದಾರಿ ನನಗೆ ಅರ್ಥವಾಗಲು ಎರಡು ಸಲ ಓದಬೇಕಾಯಿತು. ಮಗಳಿಗೆ ಬಸ್ಸು ಆಡಿಸಿಯೇ ಹೇಳಿಕೊಡುತ್ತೇನೆ. ಗುಣಾಕಾರ, ಭಾಗಾಕಾರದ ಕಥೆಗಳಿಗೂ ಹೀಗೇ ವಿಧಗಳಿವೆಯಾ?

ಅಂಕಿಅಂಶ_ಬೇಡ

ಇವೆ. ಭಾಗಾಕಾರದಲ್ಲೇ ಎರಡು. 12 ಲಾಡು 3 ಜನರಿಗೆ ಹಂಚಿದರೆ ತಲೆಗೆ ಎಷ್ಟು ಎಂಬುದು ಒಂದು. 12 ಲಾಡು ತಲೆಗೆ 3ರಂತೆ ಕೊಟ್ಟರೆ ಎಷ್ಟು ಜನಕ್ಕೆ ಬರುತ್ತದೆ ಎಂಬುದು ಇನ್ನೊಂದು. ಉತ್ತರ ಎರಡಕ್ಕೂ 4, ಆದರೆ ಲಾಡು ಇಟ್ಟು ಆಡಿದರೆ ಕೈ ಮಾಡುವ ಕೆಲಸ ಬೇರೆ. ಇದಕ್ಕೆ ಹೊಸ ಚರ್ಚೆ ತೆಗೆಯಿರಿ, ಅಲ್ಲಿ ಬರೆಯುತ್ತೇನೆ.